ಗಾಲಿ ಹಿಗ್ಗಿದರೆ ಟೈರು ತಗ್ಗಬೇಕು

ಕಾರಿಗೆ ದೊಡ್ಡ ಗಾಲಿ ಹಾಕಿಸುವ ಉತ್ಸಾಹ ಯುವಕರಲ್ಲಿ ಹೆಚ್ಚು. ಯಾವ ಗಾಲಿಗೆ ಯಾವ ಅಳತೆಯ ಟೈರು ಹೊಂದುತ್ತದೆ ಎಂದು ತಿಳಿಯಲು ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರವೇ ಸಾಕು. ಆ ಲೆಕ್ಕ ಮಾಡದೆ ಹೋದರೆ ಮಾತ್ರ ಅಪಾಯ ತಪ್ಪಿದ್ದಲ್ಲ.

1989ರ ಫೆಬ್ರುವರಿಯಲ್ಲಿ ಅಮೆರಿಕದ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಜಪಾನಿನ ಮಾಜ್ದಾ ಕಂಪನಿ ಒಂದು ಪುಟ್ಟ ಕಾರನ್ನು ಜನರ ಮುಂದಿಟ್ಟಿತು. ಇಬ್ಬರಿಗಷ್ಟೇ ಜಾಗ, ಮಡಚಿಡಬಹುದಾದ ಬಟ್ಟೆಯ ಚಾವಣಿ, 1.6 ಲೀಟರಿನ ಸಾಧಾರಣ ಎಂಜಿನ್. ತೂಕ ಒಂದು ಟನ್ನಿಗೂ ಕಡಿಮೆ. ಎಂಎಕ್ಸ್-5 ಮಿಯಾಟಾ ಎಂಬ ಈ ಕಾರು ಮುಂದೆ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಎರಡು ಆಸನಗಳ ಸ್ಪೋರ್ಟ್ಸ್ ಕಾರು ಎನಿಸಿಕೊಂಡು 2000ದಲ್ಲಿ ಗಿನ್ನಿಸ್ ದಾಖಲೆಗೆ ಸೇರಿತು. 2016ರ ಏಪ್ರಿಲ್ ಹೊತ್ತಿಗೆ ತಯಾರಾದ ಕಾರುಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿತು.

ಕುದುರೆ ಮತ್ತು ಸವಾರ ಒಂದೇ ಜೀವವಾಗಿ ಓಡಬೇಕು ಎಂಬರ್ಥದ 'ಜಿನ್‌ಬಾ ಇತ್ತಾಯಿ' ಎಂಬ ಜಪಾನಿ ನುಡಿಯನ್ನು ಈ ಕಾರಿನ ಎಂಜಿನಿಯರುಗಳು ಗುರಿಯಾಗಿ ಇಟ್ಟುಕೊಂಡಿದ್ದರು. ಆ ಗುರಿಗೆ ಅವರು ಆರಿಸಿದ್ದು ಕೇವಲ 14 ಅಂಗುಲದ ಗಾಲಿ. ಅಗಲ ಐದೂವರೆ ಅಂಗುಲ. ಮಿಶ್ರಲೋಹದ ಆ ಗಾಲಿಯ ತೂಕ ಸುಮಾರು ಐದೂವರೆ ಕೆ.ಜಿ. ಅದರ ಮೇಲೆ 185/60 ಅಳತೆಯ ಟೈರು. ಕಾರು ಕೊಂಡವರಲ್ಲಿ ಅನೇಕರು ಮೊದಲು ಬದಲಿಸಿದ್ದು ಈ ಗಾಲಿಯನ್ನೇ. ಹದಿನೈದು, ಹದಿನಾರು, ಕೊನೆಗೆ ಹದಿನೇಳು ಅಂಗುಲದವರೆಗೂ ಹೋದವರಿದ್ದಾರೆ. ಲೆಕ್ಕ ಹಾಕಿ ಬದಲಿಸಿದವರ ಕಾರು ಚುರುಕಾಯಿತು. ಅಂದ ನೋಡಿ ಬದಲಿಸಿದವರ ಕಾರು ಇದ್ದ ಗುಣವನ್ನೂ ಕಳೆದುಕೊಂಡಿತು. ಹೀಗಾಗಿ ದೊಡ್ಡ ಗಾಲಿಯ ಪಾಠಕ್ಕೆ ಈ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪಕ್ಕೆಯ ಮೇಲಿನ ಬರಹ

ಯಾವುದೇ ಕಾರಿನ ಟೈರಿನ ಪಕ್ಕೆಯನ್ನು ನೋಡಿದರೆ ಅಲ್ಲಿ ಅಂಕಿಗಳ ಒಂದು ಸಾಲು ಉಬ್ಬಿಕೊಂಡಿರುತ್ತದೆ. ಮಿಯಾಟಾದ ಮೂಲ ಟೈರಿನಲ್ಲಿದ್ದದ್ದು '185/60 ಆರ್ 14 82 ಎಚ್'.

ಇದರಲ್ಲಿ ಮೊದಲನೆಯ 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯ 60 ಅಳತೆಯಲ್ಲ, ಶೇಕಡಾ ಪ್ರಮಾಣ. ಗಾಲಿಯ ಅಂಚಿನಿಂದ ನೆಲದವರೆಗೆ ಟೈರಿನ ಪಕ್ಕೆ ಎಷ್ಟು ಎತ್ತರವಿದೆಯೋ ಅದು ಅಗಲದ ಶೇ 60ರಷ್ಟು ಎಂದು ಇದರ ಅರ್ಥ. 185ರ ಶೇ 60 ಎಂದರೆ 111 ಮಿ.ಮೀ. 'ಆರ್' ಎಂದರೆ ರೇಡಿಯಲ್. ಒಳಗಿನ ದಾರಗಳನ್ನು ಹೆಣೆದ ಕ್ರಮ. 14 ಎಂಬುದು ಟೈರು ಕೂರುವ ಗಾಲಿಯ ವ್ಯಾಸ, ಅಂಗುಲದಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಅಂಗುಲ ಮೂರೂ ಬೆರೆತಿರುವುದೇ ಗೊಂದಲಕ್ಕೆ ಮೂಲ.

ಕೊನೆಯ 82 ಟೈರು ಹೊರಬಲ್ಲ ಭಾರದ ಸಂಕೇತ. ಕೋಷ್ಟಕದ ಪ್ರಕಾರ 82 ಎಂದರೆ 475 ಕೆ.ಜಿ. 'ಎಚ್' ಎಂಬುದು ವೇಗದ ಸಂಕೇತ. ಗಂಟೆಗೆ 210 ಕಿ.ಮೀ.ವರೆಗೆ ಟೈರು ತಡೆದುಕೊಳ್ಳುತ್ತದೆ ಎಂದರ್ಥ. ಅಕ್ಷರ 'ಟಿ' ಆದರೆ 190, 'ವಿ' ಆದರೆ 240.

ಏಳನೆಯ ತರಗತಿಯ ಲೆಕ್ಕ

ಟೈರು ಸಹಿತ ಗಾಲಿಯ ಒಟ್ಟು ವ್ಯಾಸ ಕಂಡುಹಿಡಿಯಲು ಏಳನೆಯ ತರಗತಿಯ ಗಣಿತ ಸಾಕು. ಒಂದು ಅಂಗುಲಕ್ಕೆ 25.4 ಮಿ.ಮೀ. ಹದಿನಾಲ್ಕು ಅಂಗುಲಕ್ಕೆ 355.6. ಟೈರಿನ ಪಕ್ಕೆ ಮೇಲೊಂದು, ಕೆಳಗೊಂದು ಇರುವುದರಿಂದ 111ನ್ನು ಎರಡು ಪಟ್ಟು ಮಾಡಿ ಕೂಡಬೇಕು. ಮೊತ್ತ 577.6 ಮಿ.ಮೀ. ಕಾರಿನ ಗೇರು, ಬ್ರೇಕು, ವೇಗದ ಮೀಟರು, ಮಡ್‌ಗಾರ್ಡಿನೊಳಗಿನ ಜಾಗ ಎಲ್ಲವೂ ಈ ಒಂದು ಸಂಖ್ಯೆಯನ್ನು ನಂಬಿಕೊಂಡು ರೂಪುಗೊಂಡಿರುತ್ತವೆ.

ಇಲ್ಲಿಯೇ ಮುಖ್ಯ ಸೂತ್ರ ಸಿಗುತ್ತದೆ. ಗಾಲಿ ಎಷ್ಟು ಹಿಗ್ಗುತ್ತದೋ ಟೈರಿನ ಪಕ್ಕೆ ಅಷ್ಟು ತಗ್ಗಬೇಕು. ಹೊರಗಿನ ಒಟ್ಟು ವ್ಯಾಸ ಮಾತ್ರ ಇದ್ದಲ್ಲೇ ಇರಬೇಕು. ಎರಡು ವ್ಯಾಸಗಳ ನಡುವಿನ ವ್ಯತ್ಯಾಸ ಶೇ 3ನ್ನು ಮೀರಬಾರದು ಎಂಬುದು ಟೈರು ವ್ಯಾಪಾರದಲ್ಲಿ ರೂಢಿಗೆ ಬಂದಿರುವ ಮಾತು. ಅದಕ್ಕಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು.

ಈಗ 15 ಅಂಗುಲದ ಗಾಲಿ ತಂದ ಒಬ್ಬ ಯುವಕ 'ಮೊದಲೂ 60 ಇತ್ತು, ಈಗಲೂ 60 ಇರಲಿ' ಎಂದುಕೊಂಡು 195/60 ಟೈರು ಹಾಕಿಸಿದ ಎನ್ನೋಣ. ಪಕ್ಕೆಯ ಎತ್ತರ 117 ಮಿ.ಮೀ. ಒಟ್ಟು ವ್ಯಾಸ 615. ಮೂಲಕ್ಕಿಂತ ಶೇ 6.5 ಹೆಚ್ಚು. ಅದೇ ಗಾಲಿಗೆ 195/50 ಹಾಕಿದ್ದರೆ? ಪಕ್ಕೆ 97.5, ಒಟ್ಟು ವ್ಯಾಸ 576. ಮೂಲಕ್ಕೂ ಇದಕ್ಕೂ ವ್ಯತ್ಯಾಸ ಎರಡು ಮಿಲಿಮೀಟರು ಕೂಡ ಇಲ್ಲ. ಮಿಯಾಟಾ ಪ್ರಿಯರು ಹದಿನೈದು ಅಂಗುಲದ ಗಾಲಿಗೆ 195/50 ಅಳತೆಯನ್ನೇ ನೆಚ್ಚಿಕೊಂಡಿರುವುದು ಇದೇ ಕಾರಣಕ್ಕೆ.

ಸ್ಪೋರ್ಟ್ಸ್ ಕಾರುಗಳ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಲೆಕ್ಕವೊಂದಿದೆ. 1970ರ ದಶಕದಲ್ಲಿ ಇಟಲಿಯ ಪಿರೆಲ್ಲಿ ಕಂಪನಿ ಪಿ7 ಎಂಬ ತಗ್ಗು ಪಕ್ಕೆಯ ಟೈರನ್ನು ಹೊರತಂದಿತು. ಜರ್ಮನಿಯ ಪೋರ್ಷ 911 ಟರ್ಬೊ ಕಾರು ಆ ದಶಕದ ಕೊನೆಯ ಭಾಗದಲ್ಲಿ 15ರಿಂದ 16 ಅಂಗುಲದ ಗಾಲಿಗೆ ಬಡ್ತಿ ಪಡೆದಾಗ ಮುಂದೆ 205/55, ಹಿಂದೆ 225/50 ಅಳತೆಯ ಟೈರು ಬಂತು. ಹಿಂದಿನ ಟೈರು ಮುಂದಿನದಕ್ಕಿಂತ 20 ಮಿ.ಮೀ. ಅಗಲ. ಆದರೆ ವ್ಯಾಸ ಲೆಕ್ಕ ಹಾಕಿದರೆ ಮುಂದಿನದು 631.9, ಹಿಂದಿನದು 631.4 ಮಿ.ಮೀ. ಅಂತರ ಅರ್ಧ ಮಿಲಿಮೀಟರು! ಅಗಲ ಹೆಚ್ಚಿದಾಗ ಶೇಕಡಾ ಪ್ರಮಾಣವನ್ನು ಇಳಿಸಿ ಎಂಜಿನಿಯರುಗಳು ವ್ಯಾಸವನ್ನು ಹೇಗೆ ಕಾಪಾಡುತ್ತಾರೆ ಎಂಬುದಕ್ಕೆ ಇದು ಪಾಠ.

ಮೀಟರು ಹೇಳುವ ಸುಳ್ಳು

ವ್ಯಾಸ ಹೆಚ್ಚಾದರೆ ಆಗುವ ತೊಂದರೆಯಾದರೂ ಏನು? ಕಾರಿನ ವೇಗದ ಮೀಟರು ರಸ್ತೆಯನ್ನು ನೋಡುವುದಿಲ್ಲ. ಗಾಲಿ ಎಷ್ಟು ಸುತ್ತು ತಿರುಗಿತು ಎಂಬುದನ್ನಷ್ಟೇ ಎಣಿಸಿ, ಒಂದು ಸುತ್ತಿಗೆ ಇಷ್ಟು ದೂರ ಎಂದು ಮೊದಲೇ ಗೊತ್ತು ಮಾಡಿದ ಲೆಕ್ಕದಂತೆ ವೇಗ ತೋರಿಸುತ್ತದೆ. ಮೂಲ ಟೈರಿನ ಸುತ್ತಳತೆ ಸುಮಾರು 1.81 ಮೀಟರು; ಒಂದು ಕಿ.ಮೀ. ಹೋಗಲು 551 ಸುತ್ತು. 195/60 ಹಾಕಿದರೆ ಸುತ್ತಳತೆ 1.93 ಮೀಟರು; ಅದೇ ದೂರಕ್ಕೆ 518 ಸುತ್ತು ಸಾಕು. (ಕಾರಿನ ಭಾರಕ್ಕೆ ಟೈರು ತುಸು ಕುಸಿಯುವುದರಿಂದ ನಿಜವಾದ ಅಂಕಿಗಳು ಸ್ವಲ್ಪ ಬೇರೆಯಾಗುತ್ತವೆ, ಹೋಲಿಕೆ ಬದಲಾಗದು.) ಮೀಟರಿಗೆ ಈ ಬದಲಾವಣೆ ಗೊತ್ತಿಲ್ಲ. ಅದು ಗಂಟೆಗೆ 100 ಕಿ.ಮೀ. ಎಂದು ತೋರಿಸುವಾಗ ಕಾರು 106ರ ಮೇಲಿರುತ್ತದೆ.

ಆರು ಕಿಲೋಮೀಟರು ಏನು ಮಹಾ ಎನ್ನಿಸಬಹುದು. ಬ್ರೇಕು ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಭೌತಶಾಸ್ತ್ರ ಓದಿದ ವಿದ್ಯಾರ್ಥಿಗಳು ಬಲ್ಲರು. 1.065ರ ವರ್ಗ 1.13. ಎಂದರೆ ನಿಲ್ಲಲು ಶೇ 13 ಹೆಚ್ಚು ರಸ್ತೆ ಬೇಕು. ಸಾಲದೆಂಬಂತೆ, ದೊಡ್ಡ ವ್ಯಾಸದ ಟೈರನ್ನು ತಡೆಯಲು ಬ್ರೇಕಿಗೆ ಹೆಚ್ಚು ಬಲವೂ ಬೇಕು. ಚಾಲಕನ ಕಣ್ಣೆದುರಿನ ಮುಳ್ಳು ಮಾತ್ರ ಎಲ್ಲವೂ ಸರಿಯಿದೆ ಎನ್ನುತ್ತಿರುತ್ತದೆ.

ವೇಗದ ಮೀಟರಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 39ನೇ ನಿಯಮ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮೀಟರು ನಿಜ ವೇಗಕ್ಕಿಂತ ತುಸು ಹೆಚ್ಚು ತೋರಿಸಬಹುದು. ಕಡಿಮೆ ಮಾತ್ರ ಎಂದಿಗೂ ತೋರಿಸಕೂಡದು. ಅಳತೆ ಮೀರಿದ ಟೈರು ಈ ಎಚ್ಚರಿಕೆಯನ್ನೇ ತಲೆಕೆಳಗು ಮಾಡುತ್ತದೆ. ಕಾರು ಎಷ್ಟು ದೂರ ಓಡಿದೆ ಎಂಬ ಎಣಿಕೆಯೂ ತಪ್ಪುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೇ ಕಾಣುವಂಥದು. ವ್ಯಾಸ 37 ಮಿ.ಮೀ. ಹೆಚ್ಚಿದರೆ ಟೈರಿನ ಅಂಚು ಎಲ್ಲ ಕಡೆಗೂ ಸುಮಾರು 19 ಮಿ.ಮೀ. ಹೊರಗೆ ಚಾಚುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅಥವಾ ಗುಂಡಿಗೆ ಇಳಿದು ಸ್ಪ್ರಿಂಗು ಕುಗ್ಗಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಉಜ್ಜಿದ ರಬ್ಬರು ಇಂದಲ್ಲ ನಾಳೆ ಸೀಳುತ್ತದೆ.

ಅಗಲವೂ ಆಫ್‌ಸೆಟ್ಟೂ

ವ್ಯಾಸ ಸರಿಹೋದರೆ ಕೆಲಸ ಮುಗಿಯಲಿಲ್ಲ. ಗಾಲಿಯ ಅಗಲಕ್ಕೂ ಟೈರಿನ ಅಗಲಕ್ಕೂ ಹೊಂದಿಕೆ ಬೇಕು. 195/50 ಟೈರಿಗೆ ಐದೂವರೆಯಿಂದ ಏಳು ಅಂಗುಲ ಅಗಲದ ಗಾಲಿ ಆಗುತ್ತದೆ. ಗಾಲಿ ಇದಕ್ಕಿಂತ ಕಿರಿದಾದರೆ ಟೈರಿನ ಪಕ್ಕೆ ಬಲೂನಿನಂತೆ ಉಬ್ಬುತ್ತದೆ. ಅಗಲವಾದರೆ ಪಕ್ಕೆ ಎಳೆದು ಕಟ್ಟಿದಂತಾಗಿ ಗಾಲಿಯ ಅಂಚು ಬಯಲಿಗೆ ಬೀಳುತ್ತದೆ.

ಇದರ ಜೊತೆಗೆ 'ಆಫ್‌ಸೆಟ್' ಎಂಬ ಇನ್ನೊಂದು ಅಳತೆಯಿದೆ. ಗಾಲಿಯ ಅಗಲದ ನಡುಗೆರೆಗೂ, ಅದು ಕಾರಿನ ಹಬ್ಬಿಗೆ ತಾಗಿ ಕೂರುವ ಮುಖಕ್ಕೂ ಇರುವ ಅಂತರ ಇದು. ಮಿಯಾಟಾದ ಮೂಲ ಗಾಲಿಯಲ್ಲಿ 45 ಮಿ.ಮೀ. ಐದೂವರೆ ಅಂಗುಲದ ಬದಲು ಆರೂವರೆ ಅಂಗುಲ ಅಗಲದ ಗಾಲಿ ಹಾಕಿದರೆ, ಆಫ್‌ಸೆಟ್ ಅಷ್ಟೇ ಇದ್ದಲ್ಲಿ, ಒಳಗೆ 12.7 ಮಿ.ಮೀ., ಹೊರಗೆ 12.7 ಮಿ.ಮೀ. ಬೆಳೆಯುತ್ತದೆ. ಆಫ್‌ಸೆಟ್ 40 ಆದರೆ ಒಳಗೆ 7.7, ಹೊರಗೆ 17.7. ಒಳಗಡೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳಿವೆ. ಹೊರಗಡೆ ಮಡ್‌ಗಾರ್ಡಿನ ಅಂಚಿದೆ. ಇವೆರಡರ ನಡುವೆ ಎಷ್ಟು ಜಾಗವಿದೆ ಎಂದು ಅಳೆದು ನೋಡದೆ ಗಾಲಿ ಕೊಳ್ಳಬಾರದು.

ಗಾಲಿಯನ್ನು ಬಿಗಿಯುವ ಬೋಲ್ಟುಗಳ ಲೆಕ್ಕ ಬೇರೆ. ಮಿಯಾಟಾದಲ್ಲಿ ನಾಲ್ಕು ಬೋಲ್ಟು, ಅವು ನಿಂತಿರುವ ವೃತ್ತದ ವ್ಯಾಸ 100 ಮಿ.ಮೀ., ನಡುವಿನ ತೂತು 54.1 ಮಿ.ಮೀ. ನಡುವಿನ ತೂತು ಕಿರಿದಾದ ಗಾಲಿ ಕೂರುವುದೇ ಇಲ್ಲ. ಹಿರಿದಾದರೆ, ಸಂದು ತುಂಬಲು ಉಂಗುರ ಹಾಕದಿದ್ದಲ್ಲಿ, ಗಾಲಿ ಸರಿಯಾಗಿ ನಡುವಿಗೆ ಕೂರದೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು.

ಹಿಡಿತ ಹೆಚ್ಚುವುದೆ?

ಇಷ್ಟೆಲ್ಲ ತಾಪತ್ರಯವಿದ್ದರೂ ದೊಡ್ಡ ಗಾಲಿ ಯಾಕೆ ಬೇಕು? ಎರಡು ನಿಜವಾದ ಲಾಭಗಳಿವೆ. ಒಂದು, ಗಾಲಿಯೊಳಗೆ ದೊಡ್ಡ ಬ್ರೇಕ್ ಡಿಸ್ಕಿಗೆ ಜಾಗ ಸಿಗುತ್ತದೆ. ಇನ್ನೊಂದು, ಪಕ್ಕೆ ಗಿಡ್ಡವಾದಷ್ಟೂ ತಿರುವಿನಲ್ಲಿ ಟೈರು ಬಳುಕುವುದು ಕಡಿಮೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಮಾತು ಕೇಳುತ್ತದೆ.

ಆದರೆ ಅಗಲ ಟೈರು ನೆಲಕ್ಕೆ ಹೆಚ್ಚು ತಾಗುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಇಬ್ಬರು ಕೂತ ಮಿಯಾಟಾ ಸುಮಾರು 1,100 ಕೆ.ಜಿ. ಎಂದುಕೊಂಡರೆ ಒಂದೊಂದು ಟೈರಿನ ಮೇಲೆ 275 ಕೆ.ಜಿ. ಭಾರ. ಟೈರಿನೊಳಗಿನ ಗಾಳಿಯ ಒತ್ತಡ 26 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1.8 ಕೆ.ಜಿ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 150 ಚದರ ಸೆಂ.ಮೀ. ಅಂಚೆ ಕಾರ್ಡಿಗಿಂತ ತುಸು ದೊಡ್ಡದು, ಅಷ್ಟೆ. ಭಾರವೂ ಗಾಳಿಯ ಒತ್ತಡವೂ ಬದಲಾಗದಿದ್ದರೆ ಟೈರು ಅಗಲವಾದ ಮಾತ್ರಕ್ಕೆ ಈ ಜಾಗ ಹೆಚ್ಚು ಬೆಳೆಯದು. ಅದರ ಆಕಾರ ಬದಲಾಗುತ್ತದೆ. ಉದ್ದ ಕಡಿಮೆಯಾಗಿ ಅಡ್ಡಗಲ ಹೆಚ್ಚುತ್ತದೆ. ತಿರುವಿನಲ್ಲಿ ಇದು ಅನುಕೂಲ. ಮಳೆನೀರು ನಿಂತ ರಸ್ತೆಯಲ್ಲಿ ಇದೇ ಅನಾನುಕೂಲ. ಅಗಲ ಟೈರಿನ ಅಡಿಯಿಂದ ನೀರು ಬೇಗ ಪಕ್ಕಕ್ಕೆ ಸರಿಯದೆ, ಟೈರು ನೀರಿನ ಮೇಲೆ ತೇಲಿದಂತಾಗಿ ಹಿಡಿತ ತಪ್ಪುವ ಸಂಭವ ಹೆಚ್ಚು.

ತೂಕದ ಮಾತೂ ಇದೆ. ತಿರುಗುವ ವಸ್ತುವನ್ನು ಓಡಿಸುವುದು, ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ಅದರ ತೂಕವನ್ನಷ್ಟೇ ಅಲ್ಲ, ಆ ತೂಕ ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನೂ ಅವಲಂಬಿಸುತ್ತದೆ. 14 ಅಂಗುಲದ ಗಾಲಿಯ ಅಂಚು ಕೇಂದ್ರದಿಂದ 7 ಅಂಗುಲ ದೂರ. 17 ಅಂಗುಲದ್ದು ಎಂಟೂವರೆ. ಅಂಚಿನಲ್ಲಿ ಅಷ್ಟೇ ಲೋಹ ಇದ್ದರೂ ಜಡತ್ವ ಶೇ 47ರಷ್ಟು ಏರುತ್ತದೆ. ಎಂಜಿನ್ ಅಷ್ಟೇ ಇದ್ದು ಗಾಲಿ ಮಾತ್ರ ಭಾರವಾದರೆ ಕಾರು ಜಡವಾಗುತ್ತದೆ. ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚಿದ್ದರಿಂದ ಉಬ್ಬುತಗ್ಗಿನ ರಸ್ತೆಯಲ್ಲಿ ಟೈರು ನೆಲ ಬಿಟ್ಟು ಕುಣಿಯುತ್ತದೆ.

ಅನುಭವಸ್ಥ ತಯಾರಕರು ಇದನ್ನು ಬಲ್ಲರು. ಮಿಯಾಟಾದ ಮೂರನೆಯ ಪೀಳಿಗೆಯಲ್ಲಿ ಐದು ಬೋಲ್ಟುಗಳ ಗಾಲಿಗೆ ಹೋಗಿದ್ದ ಮಾಜ್ದಾ, 2015ರಲ್ಲಿ ಬಂದ ನಾಲ್ಕನೆಯ ಪೀಳಿಗೆಯಲ್ಲಿ ಮತ್ತೆ ನಾಲ್ಕಕ್ಕೆ ಇಳಿಯಿತು. ಅದರ ಒಂದೂವರೆ ಲೀಟರ್ ಮಾದರಿಗೆ ಕೊಟ್ಟದ್ದು 195/50 ಆರ್ 16 ಟೈರು. ಕಾಲು ಶತಮಾನದ ಹಿಂದಿನ ಕಾರಿಗಿಂತ ಅಗಲದಲ್ಲಿ ಹೆಚ್ಚಿದ್ದು ಹತ್ತೇ ಮಿ.ಮೀ. 2012ರಲ್ಲಿ ಬಂದ ಟೊಯೊಟಾ 86 ಸ್ಪೋರ್ಟ್ಸ್ ಕಾರಿಗೆ ಅದೇ ಕಂಪನಿಯ ಪ್ರಿಯಸ್ ಹೈಬ್ರಿಡ್ ಕಾರಿಗೂ ಹಾಕುತ್ತಿದ್ದ 215/45 ಆರ್ 17 ಟೈರನ್ನು ಆರಿಸಲಾಗಿತ್ತು. ಹಿಡಿತ ಮಿತವಾಗಿದ್ದರೆ ಕಾರಿನ ನಡೆ ಚಾಲಕನ ಕೈಗೆ ತಿಳಿಯುತ್ತದೆ ಎಂಬುದು ಅದರ ಹಿಂದಿನ ವಿಚಾರ.

ನಮ್ಮ ರಸ್ತೆಗಳಲ್ಲಿ

ಮಿಯಾಟಾ ನಮ್ಮ ಬೀದಿಗಳಲ್ಲಿ ಕಾಣುವುದು ಅಪರೂಪ. ಲೆಕ್ಕ ಮಾತ್ರ ಎಲ್ಲ ಕಾರಿಗೂ ಒಂದೇ. 2018ರಲ್ಲಿ ಬಂದ ಮಾರುತಿ ಸುಜುಕಿ ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾದರಿಗಳಿಗೆ 165/80 ಆರ್ 14, ಮೇಲಿನ ಮಾದರಿಗಳಿಗೆ 185/65 ಆರ್ 15 ಟೈರು ಕೊಟ್ಟಿದ್ದರು. ಮೊದಲನೆಯದರ ವ್ಯಾಸ 619.6 ಮಿ.ಮೀ., ಎರಡನೆಯದರದು 621.5. ಗಾಲಿ ಒಂದು ಅಂಗುಲ ಬೆಳೆದರೂ ಹೊರಗಿನ ವ್ಯಾಸದಲ್ಲಿ ಎರಡು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲ. ಪೋರ್ಷ ಕಾರಿನಲ್ಲಿ ಕಂಡ ಲೆಕ್ಕವೇ ಇಲ್ಲಿಯೂ ಇದೆ.

ತಗ್ಗು ಪಕ್ಕೆಯ ಟೈರಿಗೆ ನಮ್ಮ ರಸ್ತೆಯ ಗುಂಡಿಗಳು ದೊಡ್ಡ ಶತ್ರು. 111 ಮಿ.ಮೀ. ಎತ್ತರದ ಗಾಳಿ ದಿಂಬು ತಡೆಯುವ ಏಟನ್ನು 82 ಮಿ.ಮೀ.ನ ದಿಂಬು ತಡೆಯಲಾರದು. ಗುಂಡಿಯ ಅಂಚು ಮತ್ತು ಗಾಲಿಯ ಅಂಚಿನ ನಡುವೆ ಸಿಕ್ಕಿದ ಪಕ್ಕೆಯ ಒಳಗಿನ ದಾರಗಳು ತುಂಡಾಗಿ, ಅಲ್ಲಿ ಗುಳ್ಳೆಯಂತೆ ಉಬ್ಬು ಏಳುತ್ತದೆ. ಇಂಥ ಟೈರಿಗೆ ಪಂಚರ್ ಅಂಗಡಿಯಲ್ಲಿ ಚಿಕಿತ್ಸೆಯಿಲ್ಲ, ಬದಲಿಸಲೇಬೇಕು.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರು ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಇಂಥ ಬದಲಾವಣೆಗಳನ್ನೇ. ಅದೇ ಕಾರಿನ ಮೇಲಿನ ಮಾದರಿಗೆ ಕಂಪನಿಯೇ ಕೊಟ್ಟಿರುವ ಅಳತೆಯನ್ನು ಮೀರದಿರುವುದು ಕ್ಷೇಮ.

ಮಗನೋ ಮಗಳೋ ದೊಡ್ಡ ಗಾಲಿ ಬೇಕೆಂದು ಹಟ ಹಿಡಿದಾಗ ತಂದೆತಾಯಿ ಒಂದೇ ಮಾತಿಗೆ ಬೇಡ ಎನ್ನಬೇಕಾಗಿಲ್ಲ. ಹಾಳೆ, ಪೆನ್ಸಿಲು ಕೊಟ್ಟು ಹಳೆಯ ಟೈರಿನ ವ್ಯಾಸ ಎಷ್ಟು, ಹೊಸದರದು ಎಷ್ಟು, ಮೀಟರು 80 ತೋರಿಸುವಾಗ ಕಾರು ನಿಜಕ್ಕೂ ಎಷ್ಟರಲ್ಲಿರುತ್ತದೆ ಎಂದು ಬರೆದು ತರಲು ಹೇಳಬಹುದು. ಉತ್ತರ ಸರಿಯಾಗಿದ್ದರೆ ಅಂಗಡಿಗೆ ಹೋಗುವ ಮಾತು ಆಮೇಲೆ.

ಗಾಲಿ ಬದಲಿಸುವ ಮುನ್ನ

* ಕಾರಿನ ಕೈಪಿಡಿಯಲ್ಲಿ, ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ಯಾವ ಅಳತೆಗಳಿವೆ ಎಂದು ಮೊದಲು ಓದಿ.

* ವ್ಯಾಸದ ಲೆಕ್ಕ: ಅಗಲ × ಶೇಕಡಾ ಪ್ರಮಾಣ × 2 ÷ 100, ಇದಕ್ಕೆ ಗಾಲಿಯ ಅಂಗುಲ × 25.4 ಕೂಡಿಸಿ.

* ಮಿಯಾಟಾದ ಮೂಲ ವ್ಯಾಸ 577.6 ಮಿ.ಮೀ. ಇದರೊಂದಿಗೆ ಹೋಲಿಸಿದರೆ 195/50 ಆರ್ 15: 576.0 (ಶೇ 0.3 ಕಡಿಮೆ); 205/50 ಆರ್ 15: 586.0 (ಶೇ 1.5 ಹೆಚ್ಚು), 205/45 ಆರ್ 16: 590.9 (ಶೇ 2.3 ಹೆಚ್ಚು), 205/40 ಆರ್ 17: 595.8 (ಶೇ 3.2 ಹೆಚ್ಚು).

* ಭಾರದ ಸಂಕೇತ, ವೇಗದ ಸಂಕೇತ ಎರಡೂ ಮೂಲ ಟೈರಿಗಿಂತ ಕಡಿಮೆ ಇರಬಾರದು. 82 ಇದ್ದಲ್ಲಿ 78 ಹಾಕಿದರೆ ಪ್ರತಿ ಟೈರಿನ ಶಕ್ತಿ 475ರಿಂದ 425 ಕೆ.ಜಿ.ಗೆ ಇಳಿಯುತ್ತದೆ.

* ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತ, ನಡುವಿನ ತೂತು, ಆಫ್‌ಸೆಟ್ ನಾಲ್ಕನ್ನೂ ಬರೆದುಕೊಂಡು ಹೋಗಿ.

* ಹಾಕಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಕಾರಿನಲ್ಲಿ ಜನರನ್ನು ಕೂರಿಸಿ, ಎಲ್ಲಿಯೂ ಟೈರು ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ.

* ನಾಲ್ಕೂ ಗಾಲಿಗಳಿಂದ ಎಂಜಿನ್ ಶಕ್ತಿ ಪಡೆಯುವ ಕಾರುಗಳಲ್ಲಿ ಮುಂದಿನ, ಹಿಂದಿನ ಟೈರುಗಳ ವ್ಯಾಸ ಬೇರೆಬೇರೆಯಾದರೆ ಗೇರು ವ್ಯವಸ್ಥೆಯೇ ಕೆಡಬಹುದು.